ಹದಿನಾರನೇ ಪೆಟ್ಟು

ಅಮೆರಿಕದ ಲೂಯಿಸಿಯಾನಾದ ನಮ್ಮೂರಲ್ಲಿ ಶಾಲೆಯ ಬಸ್ಸು ಓಡಿಸುವ ವರ್ಲೀನ್ ಡ್ಯೂಗಾಸ್ ಮುಂದೆ ಕಾಲೇಜು ಬ್ಯಾಂಡಿನ ಮಾತು ಎತ್ತಬೇಡಿ. ಎತ್ತಿದಿರೋ, ಅವಳ ಕಥೆ ಮುಗಿಯುವಷ್ಟರಲ್ಲಿ ಅವತ್ತಿನ ನಿಮ್ಮ ಕೆಲಸ ಕೆಟ್ಟಿತೆಂದೇ ತಿಳಿಯಿರಿ.

ಹತ್ತೊಂಬತ್ತರ ವಯಸ್ಸಿನಲ್ಲಿ ಅವಳು ಆ ಬ್ಯಾಂಡಿನ ಡೋಲಿನ ಸಾಲಿಗೆ ಸೇರಿದಳು. ಕೈಗೆ ಸಿಕ್ಕಿದ್ದು ಡೋಲಲ್ಲ, ಎರಡು ಹಿತ್ತಾಳೆಯ ತಾಳ. ಪ್ರತಿ ವರ್ಷ ಹೊಸಬರೆಲ್ಲ ಕೂಡಿ, ಮೆರವಣಿಗೆಯಲ್ಲಿ ಹೆಜ್ಜೆ ಹಾಕಲು ತಮ್ಮದೇ ಒಂದು ಬಡಿತ ಕಟ್ಟಬೇಕು. ಹಳಬರು ಮೈದಾನದ ಮೆಟ್ಟಿಲ ಮೇಲೆ ಕೂತು ಕೇಳುತ್ತಾರೆ. ಚಪ್ಪಾಳೆ ಗಿಪ್ಪಾಳೆ ಇಲ್ಲ. ಮೆಚ್ಚಿದರೆ ಎದ್ದು ಹಿಂದೆ ನಡೆಯುತ್ತಾರೆ, ಆ ಬಡಿತ ಬ್ಯಾಂಡಿನಲ್ಲಿ ಉಳಿಯುತ್ತದೆ. ಮೆಚ್ಚದಿದ್ದರೆ ಕೂತೇ ಇರುತ್ತಾರೆ.

ಅದರಲ್ಲಿ ಒಂದೇ ಒಂದು ಪೆಟ್ಟು ತನ್ನದಾಗಬೇಕೆಂದು ವರ್ಲೀನ್‌ಗೆ ಹುಚ್ಚು ಆಸೆ.

"ತಾಳ ಅಂದ್ರೆ ಗಂಬೋ ಸಾರಿನ ಮೇಲೆ ಉದುರ್ಸೋ ಈರುಳ್ಳಿ ಸೊಪ್ಪು ಕಣೇ," ಅಂದ ದೊಡ್ಡ ಡೋಲಿನ ಕಾರ್ಟ್‌ಲೆಂಡ್. ಆ ವರ್ಷದ ಎಂಟು ಹೊಸಬರಲ್ಲಿ ಅವನೇ ಯಜಮಾನ. "ಇದ್ರೆ ಚೆಂದ, ಇಲ್ದಿದ್ರೆ ಯಾರೂ ಕೇಳಲ್ಲ."

"ನಿನ್ ಗಂಬೋ ಹಳಸಿ ಹೋಗ್ಲಿ!"

ಐದು ದಿನ ಊಟದ ಮೇಜಿನ ಸುತ್ತ ಕೂತು ಕಟ್ಟಿದರು. ಒಬ್ಬ ಮೇಜು ಕುಟ್ಟಿದರೆ ಇನ್ನೊಬ್ಬ ತೊಡೆ ಬಡಿದು ಉತ್ತರ ಕೊಡುತ್ತಿದ್ದ. ಜಗಳವೋ ಜಗಳ! ಶುಕ್ರವಾರ ಬೆಳಿಗ್ಗೆ ಎಲ್ಲವೂ ಸರಿಯಾಗಿ ಕೂಡಿಕೊಂಡಾಗ ಎಂಟೂ ಜನ ಕುರ್ಚಿಯಿಂದ ಹಾರಿ ಕುಣಿದರು. ವರ್ಲೀನ್ ಕೂಡ ಕುಣಿದಳು, ಅವಳ ಪೆಟ್ಟು ಮಾತ್ರ ಅದರಲ್ಲಿರಲಿಲ್ಲ.

ಮಧ್ಯಾಹ್ನ ಹಳಬರ ಮುಂದೆ ಡೋಲು ಹೊತ್ತು ಹೊರಟರು. ಮೊದಲ ಸುತ್ತು ಅದ್ಭುತ. ಎರಡನೇ ಸುತ್ತು ಬಂತು ನೋಡಿ, ಕಾಲಿಗೆ ಕಾಲು ತೊಡರಿ ಕಾರ್ಟ್‌ಲೆಂಡನ ಡೋಲು ಮುಂದಿನವನ ಬೆನ್ನಿಗೇ ಗುದ್ದಿತು. ಮೆಟ್ಟಿಲ ಮೇಲೆ ನಗುವೋ ನಗು. ಹಳಬರ ಮುಖ್ಯಸ್ಥೆ ರೋಜೆಲ್ ಕಣ್ಣೊರೆಸಿಕೊಂಡಳು.

"ಇನ್ನೊಂದೇ ಸಲ ಕಣ್ರಪ್ಪಾ. ಆಮೇಲೆ ನಾವು ಊಟಕ್ಕೆ ಹೋಗ್ತೀವಿ."

ವರ್ಲೀನ್ ನಿಂತಲ್ಲೇ ಬಾಯಲ್ಲಿ ಬಡಿತ ಹೇಳುತ್ತಾ ಹೆಜ್ಜೆ ಎಣಿಸಿದಳು.

"ಲೋ, ಪೆಟ್ಟಿಗೊಂದು ಹೆಜ್ಜೆ ಅಂದ್ರೆ ಹದಿನೈದೇ ಇದೆ! ಕೂತ್ಕೊಂಡು ಕಟ್ಟಿದ್ವಲ್ಲಾ, ಕಾಲನ್ನೇ ಮರೆತ್ಬಿಟ್ವಿ. ಎಡಗಾಲಲ್ಲಿ ಶುರುವಾಗಿದ್ದು ಎರಡನೇ ಸುತ್ತಿಗೆ ಬಲಗಾಲಿಗೆ ಬರ್ತಿದೆ. ಇನ್ನೊಂದು ಪೆಟ್ಟು ಬೇಕು!"

"ಈಗ ಯಾರೇ ಕಲಿಯೋದು ಅದನ್ನ?" ಕಾರ್ಟ್‌ಲೆಂಡನ ಮುಖ ಬಿಳಚಿಕೊಂಡಿತ್ತು.

"ಯಾರೂ ಕಲಿಯೋದು ಬೇಡ. ಹದಿನೈದಾದ್ಮೇಲೆ ಕೈ ಎತ್ತಿ ತೆಪ್ಪಗಿರಿ. ಅದು ನಂದು."

ಹೊರಟರು. ಹದಿನೈದು ಎಣಿಕೆ ಡೋಲು ಗುಡುಗಿತು, ಕೋಲುಗಳು ಮೇಲೆದ್ದವು, ಆ ಮೌನದಲ್ಲಿ ಒಬ್ಬಳೇ ವರ್ಲೀನ್: ಝಲ್! ಎಡಗಾಲು ಎಡಗಾಲಾಗಿಯೇ ಬಿತ್ತು. ಮತ್ತೆ ಝಲ್! ಅವಳ ಮೈಯೆಲ್ಲ ಜುಮ್ಮೆಂದಿತು. ಸಾಲಿನಲ್ಲಿದ್ದಾಗ ತಲೆ ತಿರುಗಿಸುವಂತಿಲ್ಲ. ಮೂರನೇ ಸುತ್ತಿನಲ್ಲಿ ಹಿಂದಿನಿಂದ ಬೂಟಿನ ಸದ್ದು ಕೇಳಿತು, ಮೊದಲು ಎರಡು, ಆಮೇಲೆ ನಲವತ್ತು.

"ಈರುಳ್ಳಿ ಸೊಪ್ಪೇ, ಬಿಡ್ಬೇಡ ಕಣೇ!" ಕಾರ್ಟ್‌ಲೆಂಡ್ ಕೂಗುತ್ತಿದ್ದ.

ಇದಾಗಿ ಇಪ್ಪತ್ತಾರು ವರ್ಷ. ಈಗಲೂ ಸಂಜೆ ಬ್ಯಾಂಡು ಅಭ್ಯಾಸಕ್ಕೆ ರಸ್ತೆಗಿಳಿದರೆ ವರ್ಲೀನ್ ಬಸ್ಸು ನಿಲ್ಲಿಸಬೇಕಾಗುತ್ತದೆ. ಆ ಬಡಿತ ಬಂದಾಗ ಹದಿನೈದರವರೆಗೆ ಸುಮ್ಮನಿದ್ದು, ಹದಿನಾರಕ್ಕೆ ಸರಿಯಾಗಿ ಹಾರ್ನ್ ಒತ್ತುತ್ತಾಳೆ.

"ಆಂಟಿ, ದಾರಿಗೆ ಯಾರೂ ಅಡ್ಡ ಬಂದಿಲ್ವಲ್ಲಾ?" ಅನ್ನುತ್ತವೆ ಮಕ್ಕಳು.

"ಸುಮ್ನಿರ್ರೋ, ಅದು ನಂದು."