ಪರದೇಶದ ಅಂಗಡಿಯಲ್ಲೊಂದು ಕಾಫಿ ಗಿಡ

ಇದು ಹೋದ ವರ್ಷ ಆಷಾಢದಲ್ಲಿ ನಡೆದದ್ದು. ನಾನು ಹುಟ್ಟಿದ್ದು ಪಾಳ್ಯದ ಹತ್ತಿರ, ಗದ್ದೆ, ರಾಗಿ ಹೊಲ ಇದ್ದ ಮನೆಯಲ್ಲಿ. ಯಸಳೂರು ಕಡೆಗೆ ಮದುವೆಯಾಗಿ ಬಂದ ಮೇಲೇ ಕಾಫಿ ಗಿಡದ ಸಹವಾಸ ಆಗಿದ್ದು. ಹಾಸನದ ಬಸ್ಸು ಹತ್ತಿದರೆ ಕೈಯಲ್ಲಿ ನಿಂಬೆಹಣ್ಣು ಹಿಡ್ಕೊಂಡು ಕೂರುವವಳು ನಾನು. ಅಂಥವಳು ಇಂಗ್ಲೆಂಡಿಗೆ ಹೋಗಿ ಬಂದೆ ಅಂದರೆ ನಮ್ಮೂರಲ್ಲಿ ಈಗಲೂ ಅರ್ಧ ಜನ ನಂಬುವುದಿಲ್ಲ.

ಹೋಗಿದ್ದಕ್ಕೆ ಕಾರಣ ಇತ್ತು. ಅದರ ಹಿಂದಿನ ವರ್ಷ, ಕೊಯ್ಲು ಮುಗಿದ ವಾರದಲ್ಲೇ ನಮ್ಮ ಯಜಮಾನರು ತೀರಿಕೊಂಡರು. ತೋಟದಿಂದ ಬಂದವರು, "ಯಾಕೋ ಎದೆ ಹಿಡ್ಕೊಂಡಂಗೈತೆ ಕಣೇ, ಸ್ವಲ್ಪ ಬಿಸಿನೀರು ಕೊಡು" ಅಂದರು. ನೀರು ಕಾಯಿಸಿ ತರುವುದರೊಳಗೆ ಹೋಗ್ಬುಟ್ಟಿದ್ರು. ನಮಗೆ ಮಕ್ಕಳಿಲ್ಲ. ನಾವಿಬ್ಬರು, ನಾಲ್ಕು ಎಕರೆ ತೋಟ, ಅಷ್ಟೇ ಸಂಸಾರ. ಅವರು ಹೋದ ಮೇಲೆ ನಾನು ತೋಟದ ಕಡೆ ಕಾಲೇ ಹಾಕಲಿಲ್ಲ. ಹಿತ್ತಲ ಬಾಗಿಲನ್ನು ಕೂಡ ತೆಗೆಯುತ್ತಿರಲಿಲ್ಲ, ತೆಗೆದರೆ ತೋಟ ಕಾಣುತ್ತಲ್ಲ ಅಂತ.

ಬಾಳ್ಳುಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮಣ್ಣ ಎಷ್ಟು ದಿನ ಅಂತ ನೋಡುತ್ತಾನೆ? "ಆಳು ಸಿಗಲ್ಲ, ಆನೆ ಕಾಟ ಬೇರೆ. ಒಬ್ಬಳೇ ಏನ್ ಮಾಡ್ತೀಯ? ಮಾರಿಬಿಟ್ಟು ನಮ್ಮನೇಗೆ ಬಂದ್ಬಿಡು" ಅಂದ. ನಾನು ಹೂಂ ಅಂದೆ. ಅವನೇ ಹಾಸನದ ಪಾರ್ಟಿ ಒಂದನ್ನು ಹುಡುಕಿದ. ಅವರು ಗಿಡ ತೆಗೆಸಿ ಹೋಂಸ್ಟೇ ಕಟ್ಟುತ್ತಾರಂತೆ. ಅದಕ್ಕೂ ಹೂಂ ಅಂದೆ. ಆಷಾಢ ಕಳೆದು ಶ್ರಾವಣ ಬಂದ ಮೇಲೆ ರಿಜಿಸ್ಟ್ರಿ ಅಂತ ಮಾತಾಯಿತು. ಅಲ್ಲಿವರೆಗೆ ಇವಳು ಗೋಡೆ ನೋಡ್ಕೊಂಡು ಕೂರುವುದು ಬೇಡ ಅಂತ ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ನಮ್ಮ ತಂಗಿ ಸುಮ ಟಿಕೆಟ್ ಕಳಿಸಿ ನನ್ನನ್ನು ಕರೆಸಿಕೊಂಡಳು.

ಅಲ್ಲೂ ನಾನು ಗೋಡೆಯನ್ನೇ ನೋಡುತ್ತಿದ್ದೆ ಅನ್ನಿ. ಗೋಡೆ ಬೇರೆ, ಅಷ್ಟೇ. ಒಂದು ಭಾನುವಾರ ಸುಮ, "ಏಳಕ್ಕ, ಗಾರ್ಡನ್ ಸೆಂಟರಿಗೆ ಹೋಗಿ ಬರೋಣ" ಅಂದಳು. ಪಾರ್ಕು ಅಂದುಕೊಂಡಿದ್ದೆ. ನೋಡಿದರೆ ಗಿಡ ಮಾರುವ ಅಂಗಡಿ! ನಮ್ಮೂರ ನರ್ಸರಿ ಹಾಗಲ್ಲ, ಸಂತೆಮಾಳದಷ್ಟು ದೊಡ್ಡದು, ಮೇಲೆಲ್ಲ ಗಾಜು. ಜನ ತಳ್ಳುಗಾಡಿಯಲ್ಲಿ ಮಣ್ಣನ್ನು ಮೂಟೆಗಟ್ಟಲೆ ಹಾಕಿಕೊಂಡು ಹೋಗುತ್ತಿದ್ದರು. ಇವರ ಮನೆಗಳಲ್ಲಿ ಮಣ್ಣಿಗೂ ಬರಗಾಲವಾ ಅಂತ ನಗು ಬಂತು.

ಸುಮ ಹೂವಿನ ಬೀಜ ನೋಡುತ್ತಾ ನಿಂತಳು. ನಾನು ಮುಂದೆ ಹೋದೆ. ಮನೆಯೊಳಗೆ ಇಡುವ ಗಿಡಗಳ ಸಾಲಿನಲ್ಲಿ, ಯಾವುದೋ ದಪ್ಪ ಎಲೆಯ ಗಿಡದ ಪಕ್ಕದಲ್ಲಿ, ಬಿಳೀ ಕುಂಡದೊಳಗೆ ಕಾಫಿ ಗಿಡ! ಎದೆಮಟ್ಟ ಬೆಳೆದಿತ್ತು. ಆಮೇಲೆ ಏನಾಯಿತು ಅಂತ ನಿಜವಾಗಲೂ ನನಗೆ ಗೊತ್ತಿಲ್ಲ. ಬುಡದಿಂದ ಚಿಗುರುಗಳು ನೆಟ್ಟಗೆ ಮೇಲೆದ್ದಿದ್ದವು. ಅಂಥ ಚಿಗುರು ಗಿಡದ ಸಾರವನ್ನೆಲ್ಲ ಹೀರಿಬಿಡುತ್ತದೆ, ಎಳೆಯದಿದ್ದಾಗಲೇ ಮುರಿದು ಹಾಕಬೇಕು. ಮದುವೆಯಾದ ಹೊಸದರಲ್ಲಿ ಯಜಮಾನರು ಹೇಳಿಕೊಟ್ಟಿದ್ದೇ ಅದು: "ಅಡ್ಡ ಹೋದದ್ದು ಫಸಲು ಕೊಡುತ್ತೆ, ನೆಟ್ಟಗೆ ಹೋದದ್ದು ಬರೀ ತಿನ್ನುತ್ತೆ, ನಿನ್ನಂಗೆ." ಆ ಕೊನೇ ಮಾತಿಗೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಕೈಗೇನು ಗೊತ್ತು ಇದು ಅಂಗಡಿ ಅಂತ? ಹೆಬ್ಬೆರಳು ಒತ್ತಿ ಚಟಕ್, ಚಟಕ್ ಅಂತ ಮುರಿಯುತ್ತಾ ಹೋಯಿತು.

"ಅಯ್ಯೋ, ಅಕ್ಕಾ! ಏನ್ ಮಾಡ್ತಿದೀಯ?" ಅಂತ ಸುಮ ಓಡಿ ಬಂದಾಗ ನನ್ನ ಹಿಡಿ ತುಂಬ ಚಿಗುರು. ಅವಳ ಹಿಂದೆಯೇ ಹಸಿರು ಏಪ್ರನ್ ತೊಟ್ಟ ವಯಸ್ಸಾದ ಮನುಷ್ಯನೊಬ್ಬ ಬಂದ, ಅಂಗಡಿಯವನು. ಪರದೇಶದಲ್ಲಿ ಗಿಡ ಮುರಿದು ಸಿಕ್ಕಿಬಿದ್ದೆನಲ್ಲ ದೇವರೇ, ಊರಲ್ಲಿ ಗೊತ್ತಾದರೆ ಮಾನ ಉಳಿಯುತ್ತಾ? ಸುಮ ಮುಖ ಕೆಂಪಗೆ ಮಾಡಿಕೊಂಡು ಏನೇನೋ ಹೇಳಿದಳು. ಆತ ಗಿಡವನ್ನು ಸುತ್ತ ನೋಡಿದ. ನನ್ನ ಕೈ ನೋಡಿದ. ಆಮೇಲೆ ನಕ್ಕುಬಿಟ್ಟ.

"ನಿಮ್ಮ ಮನೆಯಲ್ಲಿ ಈ ಗಿಡ ಇದೆಯಾ ಅಂತ ಕೇಳ್ತಿದಾರೆ" ಅಂದಳು ಸುಮ.

"ಇದೆಯಾ ಅಂದ್ರೆ? ತೋಟನೇ ಐತೆ ಅಂತ ಹೇಳು" ಅಂದೆ. ಆತನಿಗೆ ಭಾರಿ ಖುಷಿಯಾಯಿತು. ಎಷ್ಟೋ ವರ್ಷದಿಂದ ಈ ಗಿಡ ಮಾರುತ್ತಿದ್ದಾನಂತೆ, ಕಾಫಿ ಬೆಳೆಯುವವರನ್ನು ನೋಡಿದ್ದು ಇದೇ ಮೊದಲಂತೆ. ನೆರಳಿಗೆ ಯಾವ ಮರ, ಮಳೆ ಎಷ್ಟು, ಹಣ್ಣು ಯಾವಾಗ ಅಂತ ಕೇಳುತ್ತಾ ಹೋದ. ನಾನು ಹೇಳುತ್ತಾ ಹೋದೆ, ಸುಮ ಇಂಗ್ಲಿಷ್ ಮಾಡುತ್ತಾ ಹೋದಳು. ಕೊನೆಗೆ ಆತ ಸುಮ್ಮನೆ ಒಂದು ಮಾತು ಕೇಳಿದ. "ನೀವು ಇಲ್ಲಿದ್ದೀರಲ್ಲ, ಈಗ ತೋಟ ಯಾರು ನೋಡಿಕೊಳ್ಳುತ್ತಿದ್ದಾರೆ?"

"ನಮ್ಮ ಯಜಮಾನರು" ಅಂದುಬಿಟ್ಟೆ.

ಬಾಯಿಗೆ ಅದೇ ಬಂತು. ಸುಮ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ನಾನು ಹೇಳಿದ ಹಾಗೇ ಆತನಿಗೆ ಹೇಳಿದಳು. ನಾನಾದರೂ ಅಷ್ಟಕ್ಕೇ ನಿಲ್ಲಿಸಿದೆನಾ? "ಅವರಿಗೆ ತೋಟ ಒಂದಿದ್ರೆ ಹೆಂಡ್ತಿನೂ ಬ್ಯಾಡ, ಊಟನೂ ಬ್ಯಾಡ. ತಿಂಡಿಗೆ ಕೂಗಿ ಕೂಗಿ ನನ್ನ ಗಂಟಲು ಕಟ್ಟುತ್ತೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸ್ಕೊಂಡು ಬರ್ತಾರೆ, ಒರೆಸಿದ ಜಗಲಿಯೆಲ್ಲ ರಕ್ತ. ಒಂದಿನ ಹೇಳಿದ ಮಾತು ಕೇಳಲ್ಲ!" ಗಂಡನನ್ನು ಬೈಯುತ್ತಾ ನಿಂತಿದ್ದೆ, ಆ ಮನುಷ್ಯ ಆ ಹೊತ್ತಿಗೆ ತೋಟದಲ್ಲೇ ಇದ್ದಾರೇನೋ ಅನ್ನುವ ಹಾಗೆ. ಎಷ್ಟು ಹಿತವಾಗಿತ್ತು ಅಂದರೆ, ಒಂದೂವರೆ ವರ್ಷದಿಂದ ಕಟ್ಟಿಹೋಗಿದ್ದ ಉಸಿರು ಬಿಟ್ಟಂಗಾಯಿತು.

ಅಂಗಡಿಯಾತ ಜೋರಾಗಿ ನಕ್ಕ. "ನನ್ನ ಹೆಂಡತಿಯೂ ನನ್ನ ಬಗ್ಗೆ ಎಲ್ಲರ ಹತ್ತಿರ ಇದನ್ನೇ ಹೇಳುತ್ತಾಳೆ" ಅಂದ. ಹೊರಡುವಾಗ, "ಊರಿಗೆ ಹೋದ ಮೇಲೆ ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ಹೇಳಿ" ಅಂತ ಕೈ ಮುಗಿದ. ಅದನ್ನು ಕನ್ನಡದಲ್ಲಿ ಹೇಳುವಾಗ ಸುಮನ ದನಿ ಒಡೆಯಿತು. ನಾನು "ಆಯ್ತು, ಹೇಳ್ತೀನಿ" ಅಂದೆ.

ಹೊರಗೆ ಕಾರಿನ ಹತ್ತಿರ ಬರುವವರೆಗೆ ತಡೆದುಕೊಂಡಿದ್ದೆ. ಆಮೇಲೆ ಹೆಂಗೆ ಅತ್ತುಬಿಟ್ಟೆ ಅಂದರೆ, ಯಜಮಾನರು ಸತ್ತ ದಿನ ಕೂಡ ಹಾಗೆ ಅತ್ತಿರಲಿಲ್ಲ. "ಯಾಕೆ ತಿದ್ದಲಿಲ್ಲ ನೀನು? ನನಗೆ ಹುಚ್ಚು ಅಂದ್ಕೊಂಡ್ಯಾ?" ಅಂತ ಸುಮನ ಮೇಲೇ ರೇಗಿದೆ.

ಅವಳಿಗೆ ಅಲ್ಲಿ ಸೆರಗೆಲ್ಲಿ? ಕೋಟಿನ ತೋಳಲ್ಲೇ ನನ್ನ ಕಣ್ಣು ಒರೆಸಿದಳು. "ಭಾವನ್ನ ಬೈಯುವಾಗ ನಿನ್ನ ಮುಖ ಹೆಂಗಿತ್ತು ಗೊತ್ತಾ ಅಕ್ಕ? ಅವರು ಹೋದ ಮೇಲೆ ಆ ಮುಖ ನಾನು ನೋಡೇ ಇರಲಿಲ್ಲ. ಹೆಂಗೆ ತಿದ್ದಲಿ?" ಅಂದಳು.

ತೋಟ ನೋಡಿದರೆ ಅವರ ನೆನಪು ಕೊಲ್ಲುತ್ತದೆ ಅಂತ ನಾನು ದೂರ ಇದ್ದೆ. ಅವರಿದ್ದದ್ದೇ ಅಲ್ಲಿ ಅನ್ನುವುದು ನನಗೆ ಆವತ್ತು ಹೊಳೆಯಿತು. ಅದನ್ನೂ ಅಗೆಸಿಬಿಟ್ಟರೆ ನಾನು ಅವರನ್ನು ಎಲ್ಲಿ ಅಂತ ಹುಡುಕಲಿ? ಕಾರಿನಲ್ಲಿ ಕೂತೇ ಅಣ್ಣನಿಗೆ ಫೋನ್ ಮಾಡಿಸಿದೆ. "ಅಣ್ಣಾ, ತೋಟ ಕೊಡಲ್ಲ" ಅಂದೆ.

"ಏನೇ, ತಲೆ ಕೆಟ್ಟೈತಾ ನಿಂಗೆ? ಮಾತು ಕೊಟ್ಟಾಗೈತೆ. ಆ ಪಾರ್ಟಿ ಮುಂದೆ ನಾನು ಹೆಂಗೆ ತಲೆ ಎತ್ತಲಿ? ನಾಳೆ ಆನೆ ಬಂದು ಬೇಲಿ ಮುರಿದ್ರೆ ನನ್ನ ಕರೀಬ್ಯಾಡ, ಅಷ್ಟೇ!" ಅಂತ ಫೋನ್ ಇಟ್ಟ. ಅವನ ಕೋಪ ನ್ಯಾಯವೇ. ಗೌರಿ ಹಬ್ಬಕ್ಕೂ ಬಾಗಿನ ಅವನ ಹೆಂಡತಿ ಕೈಲಿ ಬಂತು, ಅವನು ಬರಲಿಲ್ಲ. ದೀಪಾವಳಿ ಹೊತ್ತಿಗೆ ಬಂದು, ಕಾಫಿ ಕುಡಿದು, ತೋಟದ ಮಾತೆತ್ತದೆ ಹೋದ. ಅಷ್ಟಾದರೂ ಆಯಿತಲ್ಲ.

ಈಗ ತೋಟ ನಾನೇ ಮಾಡಿಸುತ್ತಿದ್ದೇನೆ. ಸುಲಭವಿಲ್ಲ. ಅರ್ಧಕ್ಕರ್ಧ ಗಿಡ ಕಾಡಾಗಿತ್ತು, ಆನೆಯೂ ಒಂದು ಸಲ ಬಂದು ಹೋಯಿತು. ಯಾರಾದರೂ ತೋಟ ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರೆ "ನಾನೇ" ಅನ್ನುತ್ತೇನೆ. ಕೇಳಿದವರು ಶಭಾಷ್ ಅನ್ನುತ್ತಾರೆ. ಆದರೆ ನಿಜ ಹೇಳಲಾ? ನನಗೆ ಅವರ ಶಭಾಷ್‌ಗಿರಿ ಬೇಡ. ಇಲ್ಲಿ ಎಲ್ಲರಿಗೂ ಯಜಮಾನರು ಹೋಗಿದ್ದು ಗೊತ್ತು. ಗೊತ್ತಿಲ್ಲದವರು ಯಾರಾದರೂ ಸಿಗಬೇಕು, ಅವರು ಸುಮ್ಮನೆ ಕೇಳಬೇಕು, ನಾನು ಇನ್ನೊಂದೇ ಒಂದು ಸಲ "ನಮ್ಮ ಯಜಮಾನರು" ಅಂತ ಹೇಳಿ, ಅವರನ್ನು ಬಾಯಿತುಂಬ ಬೈಯಬೇಕು.