ಆಡಿಗೆ ತಿನ್ನಿಸುವ ಮೊದಲ ಕಾರ್ಡು

ಸಿಂಧನೂರಿನ ಆ ಮನೆಗೆ ನಾನು ಸೊಸೆಯಾಗಿ ಹೋದಾಗ ಅಲ್ಲಿ ಗಾದಿ ಎಂದರೆ ಒಂದೇ ಒಂದು ವಸ್ತು. ಮನೆಯವರು ಕಾರ್ಡು ಅಚ್ಚು ಹಾಕುತ್ತಿದ್ದ ಪ್ರೆಸ್ಸಿನ ಬಾಗಿಲಿಗೆ ಎದುರಾಗಿ, ಗೋಡೆಗೆ ಒತ್ತಿ ಹಾಸಿದ ಹತ್ತಿಯ ಹಾಸಿಗೆ. ಅದರ ಮೇಲೆ ಕೂತವರು ಹೂಂ ಅನ್ನದೆ ಒಂದು ಕಾರ್ಡೂ ಹೊಸ್ತಿಲು ದಾಟುತ್ತಿರಲಿಲ್ಲ. ಮೊದಲು ಕೂತವರು ನನ್ನ ಗಂಡನ ಅಜ್ಜ. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಮಾವ. ಎಂಬತ್ತರ ದಶಕದ ಕೊನೆಯ ಒಂದು ದಸರೆಗೆ ನನ್ನ ಗಂಡ ಕೂರಬೇಕಾಗಿತ್ತು.

ಲಗ್ನಪತ್ರಿಕೆಯನ್ನು ಊರಲ್ಲಿ ಬೇರೆಯವರೂ ಹೊಡೆಯುತ್ತಿದ್ದರು. ನಮ್ಮ ಮನೆ ನಡೆದದ್ದು ಹಬ್ಬದ ಶುಭಾಶಯದ ಕಾರ್ಡುಗಳ ಮೇಲೆ. ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನವರಿಗೆ ತೆಲುಗಿನಲ್ಲಿ ಸಂಕ್ರಾಂತಿ ಕಾರ್ಡು, ಎಲ್ಲರಿಗೂ ಯುಗಾದಿ ಕಾರ್ಡು, ಎಲ್ಲಕ್ಕಿಂತ ಹೆಚ್ಚಾಗಿ ಬನ್ನಿ ಕಾರ್ಡು. ದಸರೆಯ ದಿನ ಕೈಯಲ್ಲಿ ಬನ್ನಿ ಕೊಟ್ಟು "ಬಂಗಾರದಂಗ ಇರೋಣ" ಅನ್ನಲು ಆಗದಷ್ಟು ದೂರ ಇದ್ದವರಿಗೆ ಜನ ಅದನ್ನು ಅಂಚೆಗೆ ಹಾಕುತ್ತಿದ್ದರು. ಅದರ ಮೇಲೆ ನಿಜವಾದ ಬನ್ನಿ ಎಲೆ ಅಂಟಿಸಿರುತ್ತಿತ್ತು.

ಆದರೆ ಆ ಮನೆಯಲ್ಲಿ ಹಬ್ಬಕ್ಕೆ ಮುಂಚೆ ಬನ್ನಿ ಗಿಡಕ್ಕೆ ಕೈ ಹಚ್ಚುತ್ತಿರಲಿಲ್ಲ. ಕಾರ್ಡು ಮಾತ್ರ ಹಬ್ಬಕ್ಕೆ ಮುಂಚೆಯೇ ತಯಾರಾಗಬೇಕು. ಹಾಗಾಗಿ ಅಜ್ಜ ಒಂದು ಪದ್ಧತಿ ಹಾಕಿದ್ದರು. ಈ ದಸರೆಯಲ್ಲಿ ತಂದ ಎಲೆಯನ್ನು ಹಳೆಯ ಪೇಪರಿನ ನಡುವೆ ಒತ್ತಿ, ಟ್ರಂಕಿನಲ್ಲಿಟ್ಟು, ಮುಂದಿನ ದಸರೆಯ ಕಾರ್ಡಿಗೆ ಹಚ್ಚುವುದು. ಗಾದಿಗೆ ಬರುವವನ ಸಂಸಾರವೇ ಆ ಒಂದು ವರ್ಷ ಎಲೆಯನ್ನು ಕಾಯಬೇಕು. ಟ್ರಂಕು ನನ್ನ ಕೋಣೆಗೆ ಬಂತು.

ಮಳೆಗಾಲದಲ್ಲಿ ಕೋಣೆ ಇಕ್ಕಟ್ಟಾಯಿತೆಂದು ನಾನು ಆ ಟ್ರಂಕನ್ನು ಹಿಂದಿನ ಗೋಡೆಗೆ ಸರಿಸಿದೆ. ಆ ಗೋಡೆಯ ಆಚೆ ನೆಲ್ಲಿನ ಗದ್ದೆ. ಕಾಲುವೆಗೆ ನೀರು ಬಿಟ್ಟ ಮೇಲೆ ಗೋಡೆಯ ಬುಡ ತೇವ ಹಿಡಿಯುವುದು ನನಗೆ ಗೊತ್ತಿರಲಿಲ್ಲ. ನಾನು ಪಾಮನಕಲ್ಲೂರಿನವಳು, ನಮ್ಮದು ಒಣ ನೆಲ. ಕಾರ್ಡು ಅಂಟಿಸಲು ಟ್ರಂಕು ತೆಗೆದ ದಿನ ಮೊದಲು ಬಂದದ್ದು ವಾಸನೆ. ಪೇಪರು ಪೇಪರಿಗೆ ಅಂಟಿಕೊಂಡಿತ್ತು. ಎಲೆ ಎತ್ತಿದರೆ ಕಪ್ಪು ಪುಡಿ ಬೆರಳಿಗೆ ಹತ್ತಿತು.

ಗಂಡನಿಗೆ ಹೇಳಿದೆ. ಅವರು ಟ್ರಂಕಿನ ಮುಚ್ಚಳ ಮುಚ್ಚಿದರು.

"ಅಪ್ಪಗ ಹೇಳಿಯೇನು?"

"ಇಲ್ರಿ."

"ಹೇಳಬ್ಯಾಡ. ಎಲಿ ಕಾಯಾಕ ಬರಲಾರದಾಂವ ಪ್ರೆಸ್ ಏನ್ ಕಾಯ್ತಾನ ಅಂತಾರ."

ಮರುದಿನ ಮಸ್ಕಿ ದಾರಿಯ ಕಾಲುವೆ ಏರಿಯಿಂದ ಅವರು ಒಂದು ಚೀಲ ಎಲೆ ತಂದರು. ಬಳ್ಳಾರಿ ಜಾಲಿ. ದೂರದಿಂದ ಬನ್ನಿಯಂತೆಯೇ ಕಾಣುತ್ತದೆ. ಹತ್ತಿರ ಹಿಡಿದರೆ ಎಸಳು ತುಸು ಉದ್ದ. ಇಸ್ತ್ರಿ ಪೆಟ್ಟಿಗೆಯಿಂದ ಒಣಗಿಸಿದೆವು. ನಾಲ್ಕು ದಿನ ನಾನು ಮೈದಾ ಅಂಟು ಕಲಸಿ ಅದನ್ನೇ ಹಚ್ಚಿದೆ. ಮಾವ ಬಂದು ಒಂದು ಕಾರ್ಡು ಎತ್ತಿ ನೋಡಿ, "ಈ ಸಲ ಎಲಿ ಹಸರ ಚೊಲೊ ಉಳದೈತಿ" ಅಂದರು. ನಾನು ಮುಂದಿನ ಕಾರ್ಡಿಗೆ ಅಂಟು ಹಚ್ಚಿದೆ.

ಹಚ್ಚುವಾಗ ನನ್ನ ಎದೆಯಲ್ಲಿ ಇದ್ದದ್ದು ಆಡು.

ಅಜ್ಜ ಬನ್ನಿ ಕಾರ್ಡು ಶುರುಮಾಡಿದ ವರ್ಷ, ಅಂಗಳದಲ್ಲಿ ಒಣಗಲು ಇಟ್ಟ ಒಂದು ಬುಟ್ಟಿ ಕಾರ್ಡನ್ನು ನೆರೆಮನೆಯ ಆಡು ಎಲೆ, ಅಂಟು, ಕಾಗದ ಸಮೇತ ತಿಂದುಹಾಕಿತ್ತಂತೆ. ಉಳಿದವು ಹಬ್ಬಕ್ಕೆ ಮೊದಲೇ ಮಾರಾಟವಾಗಿ ಖಾಲಿಯಾದವು. ಅಂದಿನಿಂದ ಮೊದಲ ಕಾರ್ಡು ಆಡಿಗೆ. ಶುರುವಾದದ್ದು ತಮಾಷೆಗೆ. ನಾನು ಬರುವ ಹೊತ್ತಿಗೆ ಅದು ಪೂಜೆಯಷ್ಟೇ ಗಟ್ಟಿಯಾಗಿತ್ತು. ಆಡು ತಿಂದ ಮೇಲೆಯೇ ಮಸ್ಕಿಯ ಕಟ್ಟು, ಲಿಂಗಸುಗೂರಿನ ಕಟ್ಟು ಬಸ್ಸಿಗೆ ಹೋಗಬೇಕು. ಆ ವರ್ಷ ಆಡು ತಿಂದ ಮೇಲೆಯೇ ಗಾದಿಯೂ ಕೈ ಬದಲಾಗಬೇಕಿತ್ತು.

ನಾನು ಹುಡುಗಿಯಾಗಿದ್ದಾಗ ಆಡು ಕಾದವಳು. ಜಾಲಿಯ ಕಾಯಿಗೆ ಆಡು ಜಗಳಾಡುತ್ತದೆ, ಎಲೆಯನ್ನು ಮಾತ್ರ ಮೂಸಿ ಬಿಟ್ಟುಹೋಗುತ್ತದೆ. ಹಿಂದಿನ ದಿನ ಗಂಡನಿಗೆ ಇದನ್ನು ಹೇಳಿದೆ. ಅವರು ನಕ್ಕರು.

"ಆಡು ಮುಟ್ಟದ ಸೊಪ್ಪಿಲ್ಲ ಅಂತ ಸಾಲ್ಯಾಗ ಕಲೀಲಿಲ್ಲೇನಬೇ?"

"ಗಾದಿ ಮಾಡಿದಾಂವ ಆಡು ಕಾಯ್ದಿರಲಿಕ್ಕಿಲ್ರಿ."

"ಗಾದಿ ಸುದ್ದಿ ಬ್ಯಾಡ," ಅಂದರು. ನಾನು ಅಂದದ್ದು ಗಾದೆಮಾತು, ಅವರಿಗೆ ಕೇಳಿದ್ದು ಪ್ರೆಸ್ಸಿನ ಗಾದಿ. ಆಗಲೇ ಅವರ ನಗು ಹೋಗಿತ್ತು.

ಬೆಳಿಗ್ಗೆ ಅಜ್ಜನನ್ನು ಕೈ ಹಿಡಿದು ಅಂಗಳಕ್ಕೆ ಕರೆತಂದರು. ಗಾದಿಗೆ ಹೊಸ ಬಿಳಿ ಹೊದಿಕೆ ಹಾಸಿತ್ತು. ಎರಡು ಕಟ್ಟುಗಳು ಸುತಳಿ ಬಿಗಿಸಿಕೊಂಡು ಬಾಗಿಲಲ್ಲಿ ಕೂತಿದ್ದವು. ಮಾವ ಗಡಿಯಾರ ನೋಡುತ್ತಿದ್ದರು, ಬಸ್ಸಿನ ಚಿಂತೆ. ಅಜ್ಜ ಕಾರ್ಡನ್ನು ಮುಂದೆ ಹಿಡಿದರು. ಆಡು ಬಂತು, ಮೂಸಿತು. ಅಂಟು ಇದ್ದ ಮೂಲೆಯನ್ನು ಒಮ್ಮೆ ನೆಕ್ಕಿತು. ಆಮೇಲೆ ಮುಖ ತಿರುಗಿಸಿ ಕಟ್ಟೆಯ ಕಡೆ ಹೋಯಿತು.

ಅಜ್ಜ ಕೈ ಇಳಿಸಲಿಲ್ಲ. "ಹೋತೇನು?"

"ಹೊಟ್ಟಿ ತುಂಬಿರಬೇಕು ಅಜ್ಜಾ," ಅಂದರು ನನ್ನ ಗಂಡ.

"ಆಡಿಗೆ ಹೊಟ್ಟಿ ತುಂಬಿದ್ದು ನಾ ಇನ್ನೂ ಕಂಡಿಲ್ಲಪಾ. ಇನ್ನೊಮ್ಮೆ ಹಿಡಕೊಂಡು ಬಾ."

ಮಾವ ಆಡನ್ನು ಕೊರಳು ಹಿಡಿದು ತಂದರು. ಅದು ಹಲ್ಲು ಬಿಗಿದು ಹಿಂದಕ್ಕೆ ಜಗ್ಗಿತು. ಅಜ್ಜ ಕಾರ್ಡನ್ನು ತಮ್ಮ ಮೂಗಿನ ಹತ್ತಿರ ತಂದರು, ಹೆಬ್ಬೆರಳಿನಿಂದ ಎಲೆಯನ್ನು ಬುಡದಿಂದ ತುದಿಯವರೆಗೆ ಸವರಿದರು. ಮತ್ತೊಮ್ಮೆ ಸವರಿದರು. ಅವರ ಮುಖ ಯಾರ ಕಡೆಗೂ ಇರಲಿಲ್ಲ. ಗಂಡ ನನ್ನ ಕಡೆ ನೋಡಿದರು. ಸುಮ್ಮನಿರು ಎಂದೇ ಆ ನೋಟದ ಅರ್ಥ.

ಮಾತು ನನ್ನ ಬಾಯಿಂದ ಬಂದದ್ದು ಧೈರ್ಯದಿಂದ ಅಲ್ಲ. ಒಳಗೆ ಇಟ್ಟುಕೊಳ್ಳಲು ಆಗಲಿಲ್ಲ, ಅಷ್ಟೆ.

"ಅದು ಜಾಲಿ ಐತ್ರಿ ಅಜ್ಜಾ. ಬನ್ನಿ ಎಲಿ ನನ್ನ ಕೈಯಾಗ ಕೆಟ್ಟು ಹೋದ್ವು."

ಅಜ್ಜ ಕಾರ್ಡು ಕೆಳಗಿಳಿಸಿ, "ಎಲಿ ಕೆಡೂದು ಕೆಡತಾವವ್ವಾ. ಒಮ್ಮೆ ನನ್ನವೂ ಕೆಟ್ಟಿದ್ವು," ಅಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನಾ ಮಂದಿಗೆ ಹೇಳಿ ಮಾರಿದ್ದೆ. ನೀ ಹೇಳಲಿಲ್ಲ. ಗಾದಿ ಮುಂದಿನ ದಸರಾಕ ನೋಡೋಣ," ಅಂದರು.

ಮಾವ ತಾವೇ ಹೋಗಿ ಹೊಸ ಹೊದಿಕೆ ತೆಗೆದು ಮಡಿಸಿಟ್ಟರು.

ಅಂದೂ ಮರುದಿನವೂ ಕಾರ್ಡಿನಿಂದ ಜಾಲಿ ಎಲೆ ಕಿತ್ತೆವು. ಎಲೆ ಇದ್ದಲ್ಲಿ ಅಂಟಿನ ಹಳದಿ ಕಲೆ ಉಳಿಯಿತು. ಕಾರ್ಡುಗಳು ಆ ಕಲೆಯೊಡನೆಯೇ ಹೋದವು. ಮಸ್ಕಿಗೂ ಲಿಂಗಸುಗೂರಿಗೂ ನನ್ನ ಗಂಡನೇ ಹೋಗಿ, ಎಲೆ ಕೆಟ್ಟಿವೆ, ಬೇಕಾದವರು ಹಬ್ಬದ ದಿನ ತಾವೇ ಬನ್ನಿ ಹಚ್ಚಿಕೊಳ್ಳಬೇಕು ಎಂದು ಪ್ರತಿ ಅಂಗಡಿಯಲ್ಲಿ ನಿಂತು ಹೇಳಬೇಕಾಯಿತು. ಲಿಂಗಸುಗೂರಿನ ಅಂಗಡಿಯವರೊಬ್ಬರು, "ಹಬ್ಬದ ದಿನ ಹಚ್ಚಿದ್ರ ದೀಪಾವಳಿಗೆ ಮುಟ್ತದಲ್ರೀ," ಎಂದು ನಕ್ಕರಂತೆ. ಇದನ್ನು ನನಗೆ ಹೇಳಿದವರು ಮಾವ. ಗಂಡ ದೀಪಾವಳಿ ಕಳೆಯುವವರೆಗೂ ನನ್ನೊಡನೆ ಬೇಕಾದಷ್ಟೇ ಮಾತಾಡಿದರು.

ಆ ದಸರೆಯ ಎಲೆಯೂ ನನ್ನ ಕೋಣೆಗೇ ಬಂತು. ನಾನು ಬೇಡವೆಂದೆ. ಅಜ್ಜ ಕೇಳಲಿಲ್ಲ. ಟ್ರಂಕನ್ನು ನಾಲ್ಕು ಇಟ್ಟಿಗೆಯ ಮೇಲೆ ಏರಿಸಿ ಕೋಣೆಯ ನಡುವೆ ಇಟ್ಟೆ. ವರ್ಷವಿಡೀ ದಿನಕ್ಕೊಮ್ಮೆ ಮುಚ್ಚಳ ತೆಗೆದು ಮೂಸಿದೆ. ಕೆಲವು ದಿನ ಎರಡು ಸಲ.

ಮುಂದಿನ ವರ್ಷ ಅದೇ ಅಂಗಳ, ಅದೇ ಹೊದಿಕೆ. ಈ ಸಲ ಅಜ್ಜ ಕಟ್ಟೆಯ ಮೇಲೆ ಕೂತರು, ಕಾರ್ಡನ್ನು ಮಾವ ಹಿಡಿದರು. ಎಲೆ ನನ್ನ ಕಣ್ಣೆದುರಿಗೇ ಬನ್ನಿ ಗಿಡದಿಂದ ಬಂದದ್ದು, ನಾನೇ ಒತ್ತಿದ್ದು, ನಾನೇ ಹಚ್ಚಿದ್ದು. ಆದರೂ ಆಡು ಮೂತಿ ಚಾಚಿದಾಗ ನನಗೆ ನೋಡಲು ಆಗಲಿಲ್ಲ. ತಲೆ ತಿರುಗಿಸಿದೆ. ನನ್ನ ಗಂಡನೂ ಆಡನ್ನು ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಕಾಗದ ಹರಿಯುವ ಸದ್ದು ಕೇಳಿದ ಮೇಲೂ, ಅಜ್ಜ ಹೂಂ ಅಂದ ಮೇಲೂ, ಗಾದಿಯ ಕಡೆ ಹೋಗುವ ಮುಂಚೆ ಅವರು ನನ್ನನ್ನು ಇನ್ನೊಮ್ಮೆ ನೋಡಿದರು. ನಾನು ಹೂಂ ಎಂದು ತಲೆ ಆಡಿಸಿದ ಮೇಲೆಯೇ ಹೋಗಿ ಕೂತರು.