ಆಯಿಯ ಅಮಾವಾಸ್ಯೆ, ಸದಾಶಿವನ ಸೆನ್ಸರ್

1996ರ ಮಳೆಗಾಲ. ನಿಪ್ಪಾಣಿಯ ಒಂದು ಫ್ರಿಜ್ ರಿಪೇರಿ ಅಂಗಡಿಯಲ್ಲಿ ನಾನು ಮೆಕ್ಯಾನಿಕ್. ಜೊತೆಗೆ, ಯಾರೂ ಸಂಬಳ ಕೊಡದ ಮಿಮಿಕ್ರಿ ಕಲಾವಿದ. ಮಾಲೀಕರ ಕೆಮ್ಮು, ಗಿರಾಕಿಗಳ ಗೊಣಗಾಟ, ನನ್ನದೇ ಕೀರಲು ನಗು, ಯಾವುದನ್ನೂ ಬಿಡುತ್ತಿರಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಜೊತೆಗಾರ ಸದಾಶಿವನ ಧ್ವನಿ. ಹೊಟ್ಟೆಕಿಚ್ಚಿನಿಂದ ಕಲಿತದ್ದು ಬೇಗ ಮರೆಯುವುದಿಲ್ಲ. ಅವನು ಪುಣೆಯಲ್ಲಿ ತರಬೇತಿ ಪಡೆದು ಕರೆಂಟು ಅಳೆಯುವ ಡಿಜಿಟಲ್ ಮೀಟರ್ ತಂದಿದ್ದ. ನನ್ನ ಹಳೆಯ ಮೀಟರಿನ ಮುಳ್ಳು ಅವನನ್ನು ಕಂಡರೆ ನನ್ನಂತೆಯೇ ನಡುಗುತ್ತಿತ್ತು.

ಮಾಲೀಕರು ಚಿಕ್ಕೋಡಿಯಲ್ಲಿ ಹೊಸ ಅಂಗಡಿ ತೆರೆಯುವವರಿದ್ದರು. ಅದರ ಉಸ್ತುವಾರಿ ನಮ್ಮಿಬ್ಬರಲ್ಲಿ ಒಬ್ಬನಿಗೆ. ಆಗಲೇ ತಂಬಾಕು ವ್ಯಾಪಾರಿಯೊಬ್ಬರ ಮನೆಯ ಡಿಹ್ಯುಮಿಡಿಫೈಯರ್ ಮಂಜುಗಟ್ಟಿ ನಿಂತಿತು. ಕೋಣೆಯ ಗಾಳಿಯ ತೇವವನ್ನು ತಣ್ಣನೆಯ ಕೊಳವೆಗಳ ಮೇಲೆ ನೀರಾಗಿಸಿ ಇಳಿಸುವ ಯಂತ್ರ ಅದು. ಕೊಳವೆಗೆ ಅಂಟಿರುವ ಹುಣಸೆಬೀಜದಷ್ಟು ಟೆಂಪರೇಚರ್ ಸೆನ್ಸರ್, ಮಂಜು ಕಟ್ಟುವ ಸೂಚನೆ ಸಿಕ್ಕೊಡನೆ ಕಂಪ್ರೆಸರ್ ನಿಲ್ಲಿಸಿ ಕರಗಲು ಬಿಡಬೇಕು. ಸೆನ್ಸರಿನೊಳಗೆ ನೀರು ಹೋಗಿದೆಯೆಂದು ಸದಾಶಿವ ಹೊಸದು ಹಾಕಿ ಬಂದ. ತಿಂಗಳಲ್ಲಿ ಮತ್ತೆ ಮಂಜು! ನನಗೆ ಹಬ್ಬ.

“ಈ ಸಲ ನೀ ಹೋಗಲೇ,” ಅಂದರು ಮಾಲೀಕರು. “ಯಾರ ರಿಪೇರಿ ಗಟ್ಟಿ ನಿಲ್ಲತೈತಿ, ಚಿಕ್ಕೋಡಿ ಅವಂದು.”

ಸೆನ್ಸರನ್ನು ತಣ್ಣೀರಿಗೂ ಬಿಸಿನೀರಿಗೂ ಅದ್ದಿ ನೋಡಿದೆ. ಬಿಸಿಗೆ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಇಳಿಯಬೇಕು; ಇಳಿಯಿತು. ಹಾಳಾದ್ದು, ನೆಟ್ಟಗೇ ಇತ್ತು. ಆದರೆ ನಾನು ಹೋದಾಗ ಅದು ಕೊಳವೆ ಬಿಟ್ಟು ಗಾಳಿಯಲ್ಲಿ ತೂಗುತ್ತಿತ್ತು. ಮಂಜಿನ ಬದಲು ಕೋಣೆಯ ಬಿಸಿ ಅಳೆಯುತ್ತಿತ್ತು. ಸದಾಶಿವ ಸಡಿಲ ಬಿಟ್ಟಿದ್ದಾನೆಂದು ಮನಸ್ಸು ಕುಣಿಯುವಷ್ಟರಲ್ಲಿ ಕೊಳವೆಗಳ ಮೇಲೆ ಮೂರು ಬೆರಳಿನ ವಿಭೂತಿ ಕಂಡಿತು. ನಮ್ಮಲ್ಲಿ ಲಾರಿಗೆ, ಗಿರಣಿಗೆ ಸಲ್ಲುವ ಅಮಾವಾಸ್ಯೆ ಪೂಜೆ ಇದಕ್ಕೂ ಸಂದಿತ್ತು.

“ಮುಚ್ಚಳ ತಗದು, ಒದ್ದಿ ಅರಬಿಲೆ ಒರಿಸಿ, ಈಬತ್ತಿ ಹಚ್ಚತೇನಿ,” ಅಂದರು ವ್ಯಾಪಾರಿಯ ತಾಯಿ. ಅವರು ಓಣಿಗೆಲ್ಲ ಆಯಿ. “ಆ ಮಣಿ ಅಡ್ಡ ಬರತೈತಿ. ಕಿತ್ತು ಬದಿಗಿ ಇಡತೇನಿ.”

ಅದನ್ನು ಕೀಳಬಾರದೆಂದು ಬಿಡಿಸಿ ಹೇಳುವ ಬದಲು, ಆ ಮಾತನ್ನೇ ಆಯಿಯ ಧ್ವನಿಯಲ್ಲಿ ತಿರುಗಿ ಒಪ್ಪಿಸಿದೆ.

“ನನಗ ಅಣಗಸ್ತಿಯೇನ್ಲೇ? ಇನ್ನ ನೀ ಹೇಳಿದ್ರ ಕೇಳಂಗಿಲ್ಲ. ಸದಾಶಿವ ಹೇಳಲಿ, ಬಿಡತೇನಿ. ಚಾ ಕುಡದು, ಕಾಲಿಗಿ ಬಿದ್ದು ಹೋದ, ಗುಣದ ಹುಡುಗ.”

ಸೆನ್ಸರ್ ಕೂರಿಸಿ ಬಂದೆ. ಮುಂದಿನ ಅಮಾವಾಸ್ಯೆಗೆ ಮತ್ತೆ ಕಿತ್ತರೆ ಚಿಕ್ಕೋಡಿ ಹೋದಂತೆಯೇ. ಸದಾಶಿವನನ್ನು ಬೇಡುವುದೇ? ಅದಕ್ಕಿಂತ ಆ ಮಂಜುಗಡ್ಡೆ ನುಂಗುವುದು ಸುಲಭ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಫೋನ್ ಎತ್ತಿ, ಅವನ ಮೂಗಿನಿಂದಲೇ ಹೊರಟಂತೆ ಹೇಳಿದೆ: “ಆಯಿ, ನಾ ಸದಾಶಿವ್ರಿ. ಈಬತ್ತಿ ಮುಚ್ಚಳದ ಮ್ಯಾಲ ಹಚ್ರಿ, ಒಳಗ ಬ್ಯಾಡ್ರಿ.”

“ಆಗಲಿ ನನ್ನಪ್ಪಾ!”

ಅಮಾವಾಸ್ಯೆ ಕಳೆಯಿತು. ಮಂಜಿಲ್ಲ. ಬದಲಿಗೆ ಪೇಢೆ ಹಿಡಿದು ಆಯಿಯೇ ಅಂಗಡಿಗೆ ಬಂದರು. “ಸದಾಶಿವ ಫೋನ್ ಮಾಡಿ ತಿಳಿಸಿ ಹೇಳಿದ, ಮಷೀನ ಛಲೋ ಓಡಾಕತ್ತೈತಿ. ಇಂವ ಬರೇ ಅಣಗಿಸಿ ಹೋದ.”

“ನೀ ಮಾಡಿದ್ದೇನೋ ಫೋನು?” ಮಾಲೀಕರು ಕೇಳಿದರು.

ಸದಾಶಿವ ನನ್ನ ಮುಖ ನೋಡಿದ. ಅವನಿಗೆ ಎಲ್ಲ ತಿಳಿಯಿತು. “ಹೌದ್ರಿ, ನಾನ ಮಾಡಿದ್ನಿ,” ಅಂದ. ಫೋನಿನಲ್ಲಿ ನನಗೆ ಬಂದಷ್ಟು ಚೆನ್ನಾಗಿ ಅವನ ಧ್ವನಿ ಅವನಿಗೇ ಬರಲಿಲ್ಲ.

ಚಿಕ್ಕೋಡಿ ಅವನದಾಯಿತು. ನನಗೆ ದಕ್ಕಿದ್ದು ಒಂದು ಪಾಠ ಮತ್ತು ಅರ್ಧ ಪೇಢೆ. ಈಗ ಯಾವ ಮನೆಗೆ ಹೋದರೂ ಮೊದಲು ಚಹಾ ಕುಡಿಯುತ್ತೇನೆ. ಯಂತ್ರದ ಮುಚ್ಚಳ ಯಾರು ತೆಗೆಯುತ್ತಾರೆಂದು ಕೇಳಿ, ಅವರಿಗೆ ಕೂತು ತಿಳಿಸಿ ಹೇಳುತ್ತೇನೆ. ಅಣಕವೆಲ್ಲ ಹೊಸ್ತಿಲು ದಾಟಿ ಹೊರಬಂದ ಮೇಲೆ. ಸದಾಶಿವನ ಧ್ವನಿಯನ್ನಂತೂ ಪೂರ್ತಿ ಬಿಟ್ಟಿದ್ದೇನೆ. ಅದರಲ್ಲಿ ದುಡಿಮೆ ನನ್ನದು, ಅಂಗಡಿ ಅವನಿಗೆ.